ಮೊಬೈಲಿಗೆ ಸ್ಟಿಕ್ಕರ್, ಬೋರ್‌ವೆಲ್ಲಿಗೆ ನಮಸ್ಕಾರ

ಚಿಂತಾಮಣಿ ಕಡೆ ನೆಂಟರ ಮನೆ ನಾಮಕರಣ. ಊಟಕ್ಕೆ ಪಕ್ಕದಲ್ಲಿ ಕೂತ ಭಾವ ಮೊಬೈಲ್ ತಿರುಗಿಸಿ, ಹಿಂದೆ ಅಂಟಿಸಿದ್ದ ಬಂಗಾರದ ಬಣ್ಣದ ಸ್ಟಿಕ್ಕರ್ ತೋರಿಸಿದರು. "ರೇಡಿಯೇಷನ್ ತಡೆಯತ್ತಂತೆ, ಐನೂರು ರೂಪಾಯಿ. ನೀನೂ ತಗೋ." ಹಾಗನ್ನುತ್ತಲೇ ಲೋಟ ಎತ್ತಿ ಗಟಗಟ ಕುಡಿದರು. ಸಾವಿರದಿನ್ನೂರು ಅಡಿ ಬೋರಿನ ನೀರು. ಹೋಳಿಗೆ ಗಂಟಲಲ್ಲೇ ನಿಂತಿತು ನನಗೆ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಾಲಡಿಯಲ್ಲಿ ಬಹುಪಾಲು ಗ್ರಾನೈಟ್ ಬಂಡೆ. ಅದರೊಳಗೆ ವಿಕಿರಣ ಸೂಸುವ ಲೋಹ ಯುರೇನಿಯಂ ಮೊದಲಿಂದಲೂ ಇದೆ, ಯಾವ ಕಾರ್ಖಾನೆಯವನೂ ತಂದು ಸುರಿದಿಲ್ಲ. ಬಿರುಕುಗಳಲ್ಲಿ ನಿಂತ ಹಳೇ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ನಾವು ಕೆರೆ ಒತ್ತುವರಿ ಮಾಡಿ, ನೀಲಗಿರಿ ನೆಟ್ಟು, ಇನ್ನೂ ಆಳ ಇನ್ನೂ ಆಳ ಅಂತ ಕೊರೆದು ಅದೇ ನೀರು ಎತ್ತಿ ಕುಡೀತಿದ್ದೀವಿ. ಕುಡಿಯುವ ನೀರಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 60ರವರೆಗೂ ಒಪ್ಪಿದೆ. ಈ ಭಾಗದ ಎಷ್ಟೋ ಬೋರ್‌ಗಳು ಆ 60ನ್ನೂ ದಾಟಿವೆ ಅಂತ ಭಾರತೀಯ ವಿಜ್ಞಾನ ಸಂಸ್ಥೆಯವರೇ ಪರೀಕ್ಷೆ ಮಾಡಿ ಹೇಳಿದ್ದಾರೆ. ಆದರೆ ಭಯ ಮಾತ್ರ ಮೊಬೈಲ್ ಟವರ್ ಮೇಲೆ!

ಫ್ಲೋರೈಡ್ ಆದರೆ ಹಲ್ಲಿನ ಮೇಲೆ ಕಲೆ ಬಿದ್ದು ಸಾಕ್ಷಿ ಹೇಳುತ್ತದೆ. ಯುರೇನಿಯಂಗೆ ಬಣ್ಣ ಇಲ್ಲ, ರುಚಿ ಇಲ್ಲ. ನೀರಲ್ಲಿ ಸೇರಿದಾಗ ಅದರ ವಿಕಿರಣಕ್ಕಿಂತ ಹೆಚ್ಚು ಚಿಂತೆ ಮಾಡಬೇಕಾದದ್ದು ಮೂತ್ರಪಿಂಡದ ಮೇಲೆ ಅದು ಮಾಡುವ ರಾಸಾಯನಿಕ ಹಾನಿ. ಕುದಿಸಿದರೆ ಹೋಗಲ್ಲ, ನೀರು ಆವಿಯಾಗಿ ಉಳಿದ ನೀರಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ ಅಷ್ಟೆ. ಫಿಲ್ಟರ್ ಮಾರೋ ಹುಡುಗ ನೀರಲ್ಲಿ ಕರಗಿದ್ದರ ಒಟ್ಟು ಪ್ರಮಾಣ ಅಳೆಯುವ ಟಿಡಿಎಸ್ ಪೆನ್ನು ಅದ್ದಿ "ನೋಡಿ ಅಮ್ಮಾ, ನಿಮ್ಮ ನೀರು ಸೂಪರ್" ಅಂತಾನಲ್ಲ, ಆ ಪೆನ್ನಿಗೆ ಯುರೇನಿಯಂ ಯಾವುದು, ಅಡುಗೆ ಉಪ್ಪು ಯಾವುದು ಗೊತ್ತೇ ಆಗಲ್ಲ. ಆರ್‌ಒ ಯಂತ್ರ ಬಹಳಷ್ಟನ್ನು ತೆಗೆಯುತ್ತದೆ, ನಿಜ. ಊರಿನ ಶುದ್ಧ ನೀರಿನ ಘಟಕದಲ್ಲಿ ಅದರೊಳಗಿನ ಸೋಸುವ ಪೊರೆ, ಅಂದರೆ ಮೆಂಬ್ರೇನ್, ಕೊನೆಗೆ ಯಾವಾಗ ಬದಲಾಯಿಸಿದ್ದು ಅಂತ ಯಾರನ್ನಾದರೂ ಕೇಳಿ ನೋಡಿ.

"ನಮ್ಮ ತಾತ ಇದೇ ಮಣ್ಣಿನ ನೀರು ಕುಡಿದು ತೊಂಬತ್ತು ಬದುಕಿದ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ನಿಮ್ಮ ತಾತ ಕುಡಿದದ್ದು ಮೂವತ್ತು ಅಡಿ ಬಾವಿ ನೀರು ಸ್ವಾಮಿ. ಇನ್ನೂ ಓದಿಕೊಂಡವರು ಕೇರಳದ ಕರುನಾಗಪ್ಪಳ್ಳಿ ತೋರಿಸುತ್ತಾರೆ. ಅಲ್ಲಿ ಕಡಲತೀರದ ಮೊನಜೈಟ್ ಅನ್ನೋ ಖನಿಜದ ಮರಳಲ್ಲಿ ಥೋರಿಯಂ ಇದೆ, ಅದೂ ವಿಕಿರಣ ಸೂಸುವ ಲೋಹವೇ. ಸುಮಾರು 70,000 ಜನರನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ಒಪ್ಪಿದೆ. ಆದರೆ ಅವರು ಆ ಮರಳಿನ ಮೇಲೆ ಓಡಾಡುತ್ತಾರೆ, ಕಲಸಿಕೊಂಡು ಕುಡಿಯಲ್ಲ.

ನಿಜವಾದ ಸಿಟ್ಟು ಬೇರೆ ಕಡೆ ಇದೆ, ಅದನ್ನೂ ಹೇಳಿಬಿಡ್ತೀನಿ. ನಮ್ಮ ತೋಟದ ಬೋರಿನ ನೀರು ಲ್ಯಾಬಿಗೆ ಕೊಡ್ತೀನಿ ಅಂದಿದ್ದಕ್ಕೆ ಚಿಕ್ಕಪ್ಪ, "ರಿಪೋರ್ಟು ಹೊರಗೆ ಬಂದರೆ ಸೈಟಿಗೆ ರೇಟು ಬರಲ್ಲ ಕಣಪ್ಪಾ, ಸುಮ್ನಿರು" ಅಂದರು. ಅದೇ ನೀರನ್ನು ಅವರ ಮೊಮ್ಮಗಳೂ ಕುಡೀತಾಳೆ. ಬಾಟಲಿ ತುಂಬಿಸಿಟ್ಟಿದ್ದೀನಿ, ಸೋಮವಾರ ಕೊಡ್ತೀನಿ. ಚಿಕ್ಕಪ್ಪ ಮಾತು ಬಿಟ್ಟಿದ್ದಾರೆ.