ಸ್ಪಷ್ಟನೆ: ಟಿಕಿಂಟರ್ ವಿಂಡೋ ಸ್ತಬ್ಧವಾಗಲು ಜಿಐಎಲ್ ಕಾರಣವೆಂಬ ಸಂದೇಶದ ಬಗ್ಗೆ

ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಪೈಥಾನ್‌ನಲ್ಲಿ ಜಿಐಎಲ್ (ಒಂದು ಸಮಯಕ್ಕೆ ಒಂದೇ ಥ್ರೆಡ್‌ಗೆ ಪೈಥಾನ್ ಕೋಡ್ ನಡೆಸಲು ಬಿಡುವ ಬೀಗ) ಇರುವುದರಿಂದ ಥ್ರೆಡ್ (ಒಂದೇ ಪ್ರೋಗ್ರಾಂನೊಳಗೆ ಜೊತೆಜೊತೆಯಾಗಿ ಸಾಗುವ ಕೆಲಸದ ಎಳೆ) ಬಳಸಿಯೂ ಪ್ರಯೋಜನವಿಲ್ಲ, ದೀರ್ಘ ಕೆಲಸದ ವೇಳೆ ಟಿಕಿಂಟರ್ (ಪೈಥಾನ್‌ನಲ್ಲಿ ವಿಂಡೋ, ಬಟನ್‌ಗಳನ್ನು ರಚಿಸುವ ಲೈಬ್ರರಿ) ವಿಂಡೋ ಸ್ತಬ್ಧವಾಗಿಯೇ ತೀರುತ್ತದೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

ಟಿಕಿಂಟರ್‌ನ ಮೇನ್‌ಲೂಪ್ (ವಿಂಡೋವನ್ನು ನಡೆಸುವ ನಿರಂತರ ಸುತ್ತು) ಮೌಸ್ ಕ್ಲಿಕ್‌ಗಳನ್ನೂ ಪರದೆಯನ್ನು ಮತ್ತೆ ಬಿಡಿಸುವ ಕೆಲಸವನ್ನೂ ಒಂದೇ ಥ್ರೆಡ್‌ನಲ್ಲಿ ನಿಭಾಯಿಸುವುದರಿಂದ, ಬಟನ್‌ಗೆ ಜೋಡಿಸಿದ ಫಂಕ್ಷನ್ ಮುಗಿಯುವವರೆಗೆ ಉಳಿದದ್ದೆಲ್ಲವೂ ಕಾಯಬೇಕಾಗುತ್ತದೆ. ವಿಂಡೋ ಸ್ತಬ್ಧವಾಗುವುದು ಇದರಿಂದಲೇ ಹೊರತು ಜಿಐಎಲ್‌ನಿಂದಲ್ಲ. ಸಕಲೇಶಪುರದ ತೋಟಗಳ ಮಳೆ ಲೆಕ್ಕವನ್ನು ಸರ್ವರ್‌ನಿಂದ ಇಳಿಸಿಕೊಳ್ಳುವ ಪ್ರಾಜೆಕ್ಟ್ ಒಂದನ್ನೇ ತೆಗೆದುಕೊಂಡರೆ, ನೆಟ್‌ವರ್ಕ್‌ಗಾಗಿ ಕಾಯುವಾಗ ಪೈಥಾನ್ ಜಿಐಎಲ್ ಅನ್ನು ಬಿಟ್ಟುಕೊಡುವುದರಿಂದ ಅಲ್ಲಿ ಆ ಕೆಲಸವನ್ನು ಬೇರೊಂದು ಸಾಮಾನ್ಯ ಥ್ರೆಡ್‌ಗೆ ವಹಿಸಿದರೆ ಧಾರಾಳವಾಗಿ ಸಾಕು.

ಸಂದೇಶದಲ್ಲಿ ಹುರುಳೇ ಇಲ್ಲವೆಂದಲ್ಲ. ಶುದ್ಧ ಪೈಥಾನ್‌ನಲ್ಲಿ ಬರೆದ ಭಾರೀ ಲೆಕ್ಕಾಚಾರವು ಜಿಐಎಲ್‌ಗಾಗಿ ಪೈಪೋಟಿ ನಡೆಸುತ್ತದೆ; ಆದರೆ ಥ್ರೆಡ್‌ಗಳ ಸರದಿ ಬದಲಾಗುವ ಅವಧಿ ಸಾಮಾನ್ಯವಾಗಿ 5 ಮಿಲಿಸೆಕೆಂಡ್ ಇರುವುದರಿಂದ ವಿಂಡೋ ಮಂದವಾದೀತೇ ಹೊರತು ಪೂರ್ತಿ ನಿಲ್ಲದು. ಅಂಥ ಕೆಲಸಕ್ಕೆ ಮಲ್ಟಿಪ್ರೊಸೆಸಿಂಗ್, ಅಂದರೆ ಕೆಲಸವನ್ನು ಪ್ರತ್ಯೇಕ ಪ್ರೊಸೆಸ್‌ನಲ್ಲಿ ನಡೆಸುವುದು, ತಕ್ಕದ್ದು.

ಸಂದೇಶದಲ್ಲಿ ಇರಬೇಕಾಗಿದ್ದ ಎಚ್ಚರಿಕೆಯೇ ಬೇರೆ. ಹಿನ್ನೆಲೆಯ ಥ್ರೆಡ್ ಲೇಬಲ್ ಅಥವಾ ಪ್ರೋಗ್ರೆಸ್ ಬಾರ್ ಅನ್ನು ನೇರವಾಗಿ ಮುಟ್ಟದೆ ಫಲಿತಾಂಶವನ್ನು ಕ್ಯೂಗೆ (ಥ್ರೆಡ್‌ಗಳ ನಡುವೆ ಮಾಹಿತಿ ದಾಟಿಸುವ ಸರದಿ ಸಾಲಿಗೆ) ಹಾಕಬೇಕು. ಮೇನ್‌ಲೂಪ್ ನಡೆಸುವ ಮುಖ್ಯ ಥ್ರೆಡ್, ನಿಗದಿತ ಸಮಯದ ನಂತರ ಫಂಕ್ಷನ್ ಒಂದನ್ನು ಕರೆಯುವ ಟಿಕಿಂಟರ್‌ನ ಆಫ್ಟರ್ ವಿಧಾನದ ಮೂಲಕ, ಉದಾಹರಣೆಗೆ 100 ಮಿಲಿಸೆಕೆಂಡ್‌ಗೊಮ್ಮೆ, ಅದನ್ನು ತೆಗೆದುಕೊಂಡು ಪರದೆಯ ಮೇಲೆ ತೋರಿಸಬೇಕು.