ಮಹಿಷಾಸುರನಿಗೆ ಜಾಗವಿಲ್ಲ

ಯಕ್ಷಗಾನದ ಕಾಲ ಮುಗಿಯಿತೆಂದು ಯಾರಾದರೂ ನಿಟ್ಟುಸಿರುಬಿಟ್ಟರೆ, ಕಟೀಲು ಮೇಳದಿಂದ ಹರಕೆಯ ಯಕ್ಷಗಾನ ಆಡಿಸಲು ವರ್ಷಗಟ್ಟಲೆ ಸರದಿ ಕಾಯುವವರನ್ನು ತೋರಿಸಿ ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ. ಯಕ್ಷಗಾನದ ಆದ್ಯ ಕವಿಗಳಲ್ಲೊಬ್ಬನಾದ ಪಾರ್ತಿಸುಬ್ಬನ ಕುಂಬಳೆಗೆ ಕೂಗಳತೆಯಲ್ಲಿ ಹುಟ್ಟಿದವನಿಗೆ ಅಷ್ಟು ಜಂಬವಾದರೂ ಬೇಡವೇ? ಆಟ ಉಳಿಯುತ್ತದೆಂಬ ನಂಬಿಕೆ ಈಗಲೂ ಇದೆ. ಅದನ್ನು ನೋಡಲು ನನ್ನನ್ನು ಬಿಟ್ಟಾರೆಯೇ ಎಂಬುದೇ ಮೊನ್ನೆ ಶನಿವಾರದಿಂದ ಹುಟ್ಟಿದ ಸಂಶಯ.

ಅಂದು ನಮ್ಮೂರ ಗದ್ದೆಯಲ್ಲಿ ದೇವೀಮಹಾತ್ಮೆ ಪ್ರಸಂಗ. ಎದುರು ಕುರ್ಚಿಯ ಹಿರಿಯರೊಬ್ಬರು ಆಟದ ಆರಂಭದ ಕೋಡಂಗಿ ವೇಷದಿಂದ ಹಿಡಿದೇ ಮೊಬೈಲನ್ನು ತಲೆಯ ಮೇಲೆ ಎತ್ತಿ ಚಿತ್ರೀಕರಿಸುತ್ತಿದ್ದುದರಿಂದ, ರಂಗಸ್ಥಳದ ಬ್ರಹ್ಮನನ್ನು ನಾನು ಅವರ ಪರದೆಯಲ್ಲಿ ಅಡಿಕೆಯ ಗಾತ್ರದಲ್ಲಿ ದರ್ಶನ ಮಾಡಬೇಕಾಯಿತು. ಅದನ್ನೂ ಸಹಿಸಿದೆ, ಏಕೆಂದರೆ ಮಹಿಷಾಸುರ ಬರುವುದು ಸಭೆಯ ಹಿಂದಿನಿಂದ. ಅಲ್ಲಿಗೆ ಇವರ ಕೈ ಅಡ್ಡ ಬಾರದು.

ಮಹಿಷಾಸುರನ ತಾಯಿ ಮಾಲಿನಿಯ ಭಾಗ ಮುಗಿದು ಚೆಂಡೆ ಬಿಗಿಯಾಗುತ್ತಿದ್ದಂತೆ ಹಿರಿಯರು ಗಾಬರಿಯಿಂದ ತಿರುಗಿದರು. “ಮಾಷ್ಟ್ರೇ, ಇದೆಂತ, ಜಾಗ ಇಲ್ಲ ಹೇಳ್ತಾ ಉಂಟು?” ಮೊಬೈಲು ತುಂಬಿತ್ತು. ಯಾವುದನ್ನಾದರೂ ಅಳಿಸಿ ಎಂದೆ. ಮೊಮ್ಮಗನ ತೊಟ್ಟಿಲು ಹಾಕಿದ್ದನ್ನು ಅಳಿಸುವುದು ಬೇಡ, ಗುಡ್ಡೆ ಜರಿದದ್ದು ಬೇಡ, ಹಲಸಿನಹಣ್ಣಿನ ಹನ್ನೊಂದು ಫೋಟೋಗಳೂ ಬೇಡ. ಕೊನೆಗೆ, ಕಳೆದ ವರ್ಷದ ಮಹಿಷಾಸುರನನ್ನು ಅಳಿಸಿ ಈ ವರ್ಷದವನಿಗೆ ಜಾಗ ಮಾಡುವುದೆಂದು ತೀರ್ಮಾನವಾಯಿತು. ಆ ವಿಡಿಯೋವನ್ನು ಒಮ್ಮೆಯಾದರೂ ನೋಡಿದ್ದೀರಾ ಎಂದು ಕೇಳಿದೆ. “ನೋಡ್ಲಿಕ್ಕೆ ಪುರುಸೊತ್ತು ಎಲ್ಲಿ ಮಾರಾಯ್ರೇ?” ಅಳಿಸಿದರೂ ಜಾಗವಾಗಲಿಲ್ಲ, ಹಳೆಯ ಮಹಿಷಾಸುರ ಕಸದ ಬುಟ್ಟಿಯಲ್ಲಿ ಕುಳಿತಿದ್ದ. ನಾನು ಬಗ್ಗಿ ಅವನನ್ನು ಅಲ್ಲಿಂದಲೂ ಉಚ್ಚಾಟಿಸುವಷ್ಟರಲ್ಲಿ ಬೆನ್ನ ಹಿಂದೆ ಆರ್ಭಟ, ಕಿವಿಗೆ ದೊಂದಿಯ ಬಿಸಿ, ಮೂಗಿಗೆ ರಾಳದ ಹೊಗೆ. ತಲೆ ಎತ್ತಿದಾಗ ದೈತ್ಯ ರಂಗಸ್ಥಳವೇರಿ ಬೆನ್ನು ತೋರಿಸಿದ್ದ.

ಬೆಳಗಿನವರೆಗೆ ಆಟವಿದ್ದ ಕಾಲದಲ್ಲಿ, “ಮಹಿಷಾಸುರ ಬರುವಾಗ ಎಬ್ಬಿಸಿ” ಎಂದು ಹೇಳಿ ಅಜ್ಜನ ಕಂಬಳಿಯೊಳಗೆ ನಿದ್ದೆಹೋಗುತ್ತಿದ್ದೆ. ಅಜ್ಜ ಒಮ್ಮೆಯೂ ಎಬ್ಬಿಸಲು ಮರೆತವರಲ್ಲ. ಮೊನ್ನೆಯದು ಕಾಲಮಿತಿಯ ಆಟ, ನಿದ್ದೆಗೆ ಅವಕಾಶವೇ ಇಲ್ಲ. ಕಣ್ಣು ಬಿಟ್ಟುಕೊಂಡೇ ಅವನ ಪ್ರವೇಶವನ್ನು ಕಳೆದುಕೊಂಡೆ.

ಮರುದಿನ ಹಿರಿಯರು ಕೃತಜ್ಞತೆಯಿಂದ ವಾಟ್ಸಾಪಿನಲ್ಲಿ ವಿಡಿಯೋ ಕಳುಹಿಸಿದರು. ಏಳು ಸೆಕೆಂಡು. ಪರದೆಯ ತುಂಬ ನನ್ನ ಬೋಳುತಲೆ, ಅದರ ಮೇಲೆ ಹಾದುಹೋಗುವ ಎರಡು ಕೊಂಬು, ಚೆಂಡೆಯ ಅಬ್ಬರದ ನಡುವೆ ನನ್ನದೇ ಧ್ವನಿ: “ಹಾಂ, ಈಗ ಒತ್ತಿ.”