ರಕ್ತ ಕೊಡುವ ಊರಲ್ಲಿ ಮಲ ಕೊಡ್ಲಿಕ್ಕೆ ಎಂತ ಕಷ್ಟ?

ಬರ್ಮಿಂಗ್‌ಹ್ಯಾಮಲ್ಲಿರುವ ಉಡುಪಿಯವ ನಾನು. ಊರಿಗೆ ಬಂದಾಗ ಮಲ ಕಸಿ (ಆರೋಗ್ಯವಂತರ ಮಲವನ್ನ ರೋಗಿಯ ಕರುಳಿಗೆ ಸೇರಿಸೋ ಚಿಕಿತ್ಸೆ) ಅಂತ ಮಾತೆತ್ತಿದ್ರೆ ಮೊದಲು ಎಲ್ರೂ ನಗ್ತಾರೆ, ಆಮೇಲೆ ಒಬ್ರಾದ್ರೂ "ಊಟದ ಹೊತ್ತಿಗೆ ಇದೆಂತ ಮಾರಾಯ" ಅಂತಾರೆ. ಇಂಗ್ಲೆಂಡಿನವ್ರಿಗೆ ಹೇಸಿಗೆ ಇಲ್ಲ ಅಂತೇನಲ್ಲ, ಅವರೂ ಮುಖ ಕಿವುಚ್ತಾರೆ, ಆದ್ರೆ ಅಲ್ಲಿ ಟೆಸ್ಟ್ ಮಾಡಿಟ್ಟ ಮಾಲು ಫ್ರೀಜರಲ್ಲಿ ರೆಡಿ ಇರ್ತದೆ.

ವಿಷಯ ಇಷ್ಟೇ. ಎಂತದಕ್ಕೋ ಆಂಟಿಬಯೋಟಿಕ್ ತಗೊಂಡಾಗ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸಾಯ್ತವೆ, ಆ ಖಾಲಿ ಜಾಗದಲ್ಲಿ ಸಿ ಡಿಫ್ ಅಂತ ಒಂದು ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡ್ತದೆ, ಭೇದಿ ಶುರು. ವ್ಯಾಂಕೊಮೈಸಿನ್ ಅನ್ನುವ ಆಂಟಿಬಯೋಟಿಕ್ ಕೊಟ್ರೆ ನಿಲ್ತದೆ ಆದ್ರೆ ಸಿ ಡಿಫ್ ಬೀಜಾಣು ಸಾಯೋದಿಲ್ಲ, ಒಳ್ಳೆ ಬ್ಯಾಕ್ಟೀರಿಯಾವೂ ವಾಪಸ್ ಬಂದಿರೋದಿಲ್ಲ, ಹಾಗಾಗಿ ಕೆಲವ್ರಿಗೆ ಮತ್ತೆ ಮತ್ತೆ ಬರ್ತದೆ. ಆಗ ಆರೋಗ್ಯವಂತರ ಮಲವನ್ನ ಸಲೈನಲ್ಲಿ ಕಲಸಿ ಸೋಸಿ, ಕೊಲೊನೋಸ್ಕೋಪಿಯಲ್ಲೋ ಮೂಗಿನ ಟ್ಯೂಬಲ್ಲೋ ಎನಿಮಾದಲ್ಲೋ ಒಳಗೆ ಬಿಡೋದು. ಕ್ಯಾಪ್ಸೂಲೂ ಉಂಟು. ಆ ಬ್ಯಾಕ್ಟೀರಿಯಾ ಒಳಗೆ ನೆಲೆ ನಿಂತು ಪಿತ್ತರಸವನ್ನ ಬದಲಾಯಿಸ್ತವೆ, ಬದಲಾದ ಪಿತ್ತರಸದಲ್ಲಿ ಸಿ ಡಿಫ್ ಬೆಳೀಲಿಕ್ಕೆ ಆಗೋದಿಲ್ಲ. 2013ರಲ್ಲಿ ನೆದರ್‌ಲ್ಯಾಂಡ್ಸಿನವ್ರು ಮಾಡಿದ ಟ್ರಯಲಲ್ಲಿ ಕಸಿ ಮಾಡಿಸ್ಕೊಂಡ 16 ಜನರಲ್ಲಿ 13 ಜನ ಒಂದೇ ಸಲಕ್ಕೆ ಗುಣ, ಬರೀ ವ್ಯಾಂಕೊಮೈಸಿನ್ ತಗೊಂಡ 13ರಲ್ಲಿ ನಾಲ್ಕೇ ಜನ. ಟ್ರಯಲ್ಲನ್ನ ಅರ್ಧಕ್ಕೇ ನಿಲ್ಲಿಸಿದ್ರು, ಅಷ್ಟು ಸ್ಪಷ್ಟ ಇತ್ತು.

ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಪ್ರಕಾರ, ಹಿಂದೆ ಎರಡು ಸಲವಾದ್ರೂ ಖಚಿತವಾಗಿ ಸಿ ಡಿಫ್ ಬಂದು ಮತ್ತೆ ಮರುಕಳಿಸಿದ ದೊಡ್ಡವ್ರಿಗೆ ಇದನ್ನ ಕೊಡಬಹುದು. ರೋಗಿ ಎಲ್ಲಿಯೂ ದಾನಿ ಹುಡುಕಿಕೊಂಡು ತಿರುಗಬೇಕಾಗಿಲ್ಲ, ಆಸ್ಪತ್ರೆಯ ಡಾಕ್ಟ್ರೇ ತರಿಸ್ತಾರೆ, ಎನ್‌ಎಚ್‌ಎಸ್ ಅಂದ್ರೆ ಸರ್ಕಾರಿ ಆರೋಗ್ಯ ಸೇವೆ, ಆದ್ದರಿಂದ ಬಿಲ್ಲೂ ಇಲ್ಲ. ತಯಾರಾಗೋದು ನಮ್ಮ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯಲ್ಲೇ. (ಹೆಮ್ಮೆಯಿಂದ "ನಮ್ಮ" ಅನ್ನಲಿಕ್ಕೆ ಇದು ಸರಿಯಾದ ವಿಷಯವಾ ಗೊತ್ತಿಲ್ಲ.) ಅಮೆರಿಕದಲ್ಲಿ 2023ರಿಂದ ವೌಸ್ಟ್ ಅಂತ ಕ್ಯಾಪ್ಸೂಲಿಗೇ ಲೈಸೆನ್ಸ್ ಸಿಕ್ಕಿದೆ, ದಿನಕ್ಕೆ ನಾಲ್ಕರಂತೆ ಮೂರು ದಿನ, ರೇಟು ಕೇಳ್ಬೇಡಿ.

ನಮ್ಮ ಕಡೆ ಡಾಕ್ಟ್ರು ಕಡಿಮೆಯಾ? ಮಣಿಪಾಲ ಬಿಡಿ, ಮಂಗಳೂರು ಹತ್ರದ ದೇರಳಕಟ್ಟೆ ಒಂದರಲ್ಲೇ ಮೂರು ಮೆಡಿಕಲ್ ಕಾಲೇಜು. ದಾನ ಮಾಡುವ ಮನಸ್ಸಿಗೂ ಬರ ಇಲ್ಲ, ಯುವಕ ಮಂಡಲ, ಭಜನಾ ಮಂಡಳಿ, ಗಣೇಶೋತ್ಸವ ಸಮಿತಿ ಎಲ್ಲ ರಕ್ತದಾನ ಶಿಬಿರ ಮಾಡುವ ಜಿಲ್ಲೆಗಳು ನಮ್ಮವು. ಹಾಗಾದ್ರೆ ಕರಾವಳಿಯ ಕಾಲೇಜುಗಳೆಲ್ಲ ಸೇರಿ ಬ್ಲಡ್ ಬ್ಯಾಂಕಿನ ಹಾಗೆ ಇದಕ್ಕೂ ಒಂದು ಬ್ಯಾಂಕ್ ಯಾಕೆ ಮಾಡಬಾರ್ದು ಅಂತ ನನ್ನ ಪ್ರಶ್ನೆ. ದಾನಿಯ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್, ಮಲದಲ್ಲಿ ಪರಾವಲಂಬಿ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಎಲ್ಲ ನೋಡ್ಬೇಕು. ಮುಂದೆ ಬಂದವ್ರಲ್ಲಿ ಹೆಚ್ಚಿನವ್ರು ಫೇಲೇ. ಇದನ್ನ ಪ್ರತಿ ರೋಗಿಗೂ ಹೊಸದಾಗಿ, ಮನೆಯವ್ರನ್ನೇ ಕರ್ಕೊಂಡು ಬಂದು ಮಾಡುವುದಕ್ಕಿಂತ ಒಟ್ಟಿಗೆ ಮಾಡಿ ಮೈನಸ್ 80 ಡಿಗ್ರಿಯಲ್ಲಿ ಇಡೋದು ಲೇಸಲ್ವಾ.

ಒಂದು ತೊಡಕು ಉಂಟು, ಅದನ್ನ ನಾವೇ ಮಾಡಿಕೊಂಡದ್ದು. ಶೀತ ಆದ್ರೂ ಮೆಡಿಕಲ್ಲಿಗೆ ಹೋಗಿ ಚೀಟಿ ಇಲ್ಲದೆ ಆಂಟಿಬಯೋಟಿಕ್ ತಗೊಳ್ತೇವೆ, ಅದರಿಂದ ಈ ರೋಗವೂ ಬರ್ತದೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಆರೋಗ್ಯವಂತರ ಹೊಟ್ಟೆಯಲ್ಲೂ ಸೇರಿಕೊಂಡು ದಾನಿ ಸಿಗೋದೂ ಕಷ್ಟ ಆಗ್ತದೆ. 2019ರಲ್ಲಿ ಅಮೆರಿಕದಲ್ಲಿ ಅಂಥದ್ದೇ ಇ ಕೋಲಿ ಇದ್ದ ಮಲದಿಂದ ಒಬ್ರು ತೀರಿಹೋದ್ರು. ಯೂಟ್ಯೂಬ್ ನೋಡಿ ಮನೆಯಲ್ಲಿ ಮಿಕ್ಸಿ ಹಿಡಿಯುವವ್ರು ಇದನ್ನ ನೆನಪಿಡಿ.

ಈಗಂತೂ ಬೇಕಾದವ್ರು ಗ್ಯಾಸ್ಟ್ರೋ ಡಾಕ್ಟ್ರ ಹತ್ರವೇ ಹೋಗ್ಬೇಕು. ಆಂಟಿಬಯೋಟಿಕ್ ಆದ್ಮೇಲೆ ನಿಲ್ಲದ ಭೇದಿ ಇದ್ರೆ ಸಿ ಡಿಫ್ ಟಾಕ್ಸಿನ್ ಟೆಸ್ಟ್ ಮಾಡಿಸಿ, ಭೇದಿ ಕಟ್ಟುವ ಮಾತ್ರೆಯನ್ನ ಕೇಳದೆ ನುಂಗಬೇಡಿ. ಮರುಕಳಿಸಿದ್ರೆ ಕಸಿ ಮಾಡ್ತೀರಾ, ದಾನಿಗೆ ಏನೇನು ಟೆಸ್ಟ್ ಮಾಡ್ತೀರಿ ಅಂತ ನೇರ ಕೇಳಿ. ಅಲ್ಸರೇಟಿವ್ ಕೊಲೈಟಿಸಿಗೂ (ದೊಡ್ಡ ಕರುಳಲ್ಲಿ ಹುಣ್ಣಾಗುವ ಕಾಯಿಲೆ) ಲುಧಿಯಾನದ ಡಿಎಂಸಿ ಮೆಡಿಕಲ್ ಕಾಲೇಜಿನವ್ರು ಇದನ್ನ ಪ್ರಯೋಗ ಮಾಡಿ ನೋಡಿದ್ದಾರೆ, ಆದ್ರೆ ಅದರ ಫಲಿತಾಂಶ ಸಿ ಡಿಫ್‌ನಷ್ಟು ಖಡಕ್ಕಾಗಿಲ್ಲ, ಗ್ಯಾರಂಟಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಎದ್ದು ಬನ್ನಿ.